ಶೇರುವಿನ ಎಣ್ಣೆಸ್ನಾನ

ಪೀತಮ್‌ಪುರ, ದೆಹಲಿ
೮ ಜನವರಿ ೨೦೦೭

ಚಿ. ಸೌ. ಲಾವಣ್ಯಾಳಿಗೆ ಅತ್ತೆಯ ಆಶೀರ್ವಾದ.

ಬಾಣಂತನ ಹೇಗೆ ನಡೆದಿದೆ? ತಲೆಗೆ ಬಟ್ಟೆ ಕಟ್ಟದೆ ಓಡಾಡಬೇಡ. ನಿಮ್ಮ ಅಮ್ಮ ಮೆದು ಮನಸ್ಸಿನವರು, ಕೇಳಿದ್ದೆಲ್ಲ ತಿನ್ನಲು ಕೊಟ್ಟಾರು. ಕೂಸಿನ ನೆತ್ತಿಗೆ ದಿನವೂ ಎಣ್ಣೆ ಒತ್ತಲಿ. ದಾವಣಗೆರೆಯಲ್ಲಿ ಬಿಸಿಲಾದರೂ ಇದೆ. ಇಲ್ಲಿ ಹನ್ನೊಂದರವರೆಗೆ ಎದುರಿನ ಮನೆಗಳೇ ಇರುವುದಿಲ್ಲ; ಮಂಜಿನೊಳಗಿಂದ ಹಾಲಿನ ಭಯ್ಯಾನ ದನಿ ಮಾತ್ರ ಬರುತ್ತದೆ.

ನಿನ್ನ ಶೇರುವಿನ ಬೆನ್ನಿನ ಕೂದಲು ಉದುರಿ ಹೊಟ್ಟು ಎದ್ದದ್ದನ್ನು ನೀನೇ ನೋಡಿ ಹೋಗಿದ್ದೆ. ಕಜ್ಜಿ ಎಂದುಕೊಂಡಿದ್ದೆವು. ನಾಯಿ ಡಾಕ್ಟರು ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅಪರೂಪದ ಕಾಯಿಲೆಯಂತೆ. ಚರ್ಮದೊಳಗೆ ಜಿಡ್ಡು ಹುಟ್ಟಿಸುವ ಗ್ರಂಥಿಗಳು ಉರಿಯೂತದಿಂದ ಹಾಳಾಗುತ್ತವಂತೆ. ಪೂರ್ತಿ ವಾಸಿಯಾಗುವುದಿಲ್ಲ, ಯಾರಿಗೂ ಅಂಟುವುದೂ ಇಲ್ಲ. ವಾರಕ್ಕೊಮ್ಮೆ ಮೈಗೆಲ್ಲ ಎಣ್ಣೆ ಹಚ್ಚಿ, ಚೆನ್ನಾಗಿ ನೆನೆಯಲು ಬಿಟ್ಟು ಸ್ನಾನ ಮಾಡಿಸಬೇಕು. ನಿನ್ನ ಗಂಡ ಇಂದುಶೇಖರನಿಗೆ ಅಷ್ಟು ಪುರುಸೊತ್ತೆಲ್ಲಿ? ಎಣ್ಣೆ ಹಚ್ಚುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನಾನೇ ಕೂತೆ.

ಕೂಸು ಬರುವ ಮನೆ ಎಂದು ಇಂದುಶೇಖರ ಶೇರುವನ್ನು ಮಾನೇಸರ್‌ನ ಒಂದು ಕಾರ್ಖಾನೆಯ ಕಾವಲಿಗೆ ಕೊಡಲು ಮಾತಾಡಿದ್ದಾನೆ. ನೀನೂ ಅಳುತ್ತಲೇ ಒಪ್ಪಿದೆಯಂತೆ. ಅಲ್ಲಿ ಅದಕ್ಕೆ ಎಣ್ಣೆ ಹಚ್ಚುವವರು ಯಾರು? ನಿನ್ನೆ ಭಾನುವಾರ ಅಲ್ಲಿಂದ ಒಬ್ಬ ಹಗ್ಗ ಹಿಡಿದು ಬಂದ. ಶೇರು ಬಾಲ್ಕನಿಯಲ್ಲಿ ಎಣ್ಣೆ ಸುರಿಸುತ್ತ ಕೂತಿತ್ತು. "ಮಾತಾಜಿ, ಚಲೇಂ?" ಎಂದು ಹೊರಡಲು ಕೇಳಿದ. ಎಣ್ಣೆ ಹಚ್ಚಿಕೊಂಡವರು ಸ್ನಾನವಾಗದೆ ಹೊಸಿಲು ದಾಟುವುದು ನಮ್ಮ ಮನೆಯಲ್ಲಿಲ್ಲ ಎಂದೆ. "ಅಮ್ಮಾ, ಅದು ನಾಯಿ!" ಎಂದ ನಿನ್ನ ಗಂಡ. "ದೀಪಾವಳಿಗೆ ಎಣ್ಣೆ ಮೆತ್ತಿಕೊಂಡು ಬೀದಿಗೆ ಓಡುತ್ತಿದ್ದೆಯಲ್ಲ, ಆಗ ನಿನಗೂ ಇದನ್ನೇ ಹೇಳಿದ್ದೆ," ಎಂದೆ. ಬಂದವನಿಗೆ ಚಹಾ ಮಾಡಲು ಹೋದ.

ಎಣ್ಣೆ ನೆನೆಯಲಿ ಎಂದು ನಾನೂ ಬಿಸಿಲಿಗೆ ಕೂತೆ. ಕೆನೆಯಂಥ ಬಿಸಿಲು. ಶೇರು ತಲೆಯನ್ನು ನನ್ನ ಮಡಿಲಿಗಿಟ್ಟು ಕಣ್ಣು ಮುಚ್ಚಿತು. ನನಗೂ ಜೋಂಪು ಹತ್ತಿ, ಕೈಯ ಕೆಳಗಿನ ಬೆಚ್ಚನೆಯ ತಲೆ ನಾನಿನ್ನೂ ನೋಡದ ಮೊಮ್ಮಗಳದ್ದು ಅನ್ನಿಸಿತು. ಎಲ್ಲಿಂದಲೋ ಮಂಜಿನ ಮೇಲೆ ತೇಲುತ್ತ ಬಂದಿದ್ದಳು, ಮೈಯೆಲ್ಲ ಹೊಳೆಯುತ್ತಿತ್ತು, ನನ್ನನ್ನು ಮೊದಲೇ ಬಲ್ಲವಳ ಹಾಗೆ ಉಸಿರಾಡುತ್ತಿದ್ದಳು. ಎಚ್ಚರವಾದಾಗ ಬಿಸಿಲು ಎದುರುಮನೆಯ ಗೋಡೆ ಹತ್ತಿತ್ತು. ಸೀರೆಯೆಲ್ಲ ಎಣ್ಣೆ. ಹಗ್ಗದವನು ಕಾದು ಸಾಕಾಗಿ, ಮುಂದಿನ ಭಾನುವಾರ ಬರುತ್ತೇನೆಂದು ಹೊರಟುಹೋಗಿದ್ದನಂತೆ.

ಬೀಗರಿಬ್ಬರಿಗೂ ನನ್ನ ನಮಸ್ಕಾರ ತಿಳಿಸು. ತಾಯಿ ಮಗು ಹೊಟ್ಟೆ ತುಂಬ ಉಂಡು, ಬೆಚ್ಚಗೆ ಮಲಗಿ, ಸುಖವಾಗಿರಿ.

ನಿನ್ನ ಅತ್ತೆ
ಲೀಲಮ್ಮ

ಬರೆಯುವುದು ಬಿಟ್ಟುಹೋಯಿತು: ಕೂಸಿಗೆ ಅಂಟೀತೇ ಎಂದು ಡಾಕ್ಟರನ್ನು ಮತ್ತೆ ಕೇಳಿದೆ. ಖಂಡಿತ ಇಲ್ಲ ಎಂದರು. ಫೋನಿನಲ್ಲಿ ನಿನಗೆ ಹೇಳೋಣವೆಂದರೆ ಇಂದುಶೇಖರ ಪಕ್ಕದಲ್ಲೇ ಇರುತ್ತಾನೆ. ಭಾನುವಾರದೊಳಗೆ ನೀನೇ ಅವನಿಗೆ ಫೋನ್ ಮಾಡಿ, ಶೇರುವನ್ನು ಕೊಟ್ಟರೆ ದೆಹಲಿಗೇ ಬರುವುದಿಲ್ಲ ಎಂದು ಹಠ ಹಿಡಿ. ಸ್ವಲ್ಪ ಅಳು. ಅತ್ತೆ ಹೇಳಿಕೊಟ್ಟರು ಎನ್ನಬೇಡ. ನಾಯಿಯನ್ನು ಒಳಗೆ ಬಿಡಬೇಡಿ ಎಂದು ಇಷ್ಟು ವರ್ಷ ಕೂಗಿದವಳು ನಾನು. ಈಗ ಮಗನ ಮುಂದೆ ಅದನ್ನು ಬೇಡುವುದು ನನ್ನಿಂದಾಗದು.