ನೆಲ್ಲಿಕಾಯಿ ಗಾತ್ರದ ತುತ್ತು

ಯಗಟಿ
೧೮ ಆಗಸ್ಟ್ ೨೦೨೪

ಪ್ರೀತಿಯ ಶಶಿಅಕ್ಕನಿಗೆ ಸಂಗೀತಾಳ ನಮಸ್ಕಾರ.

ನೀನು ತರೀಕೆರೆಯಿಂದ ನಾಲ್ಕು ಸಲ ಫೋನ್ ಮಾಡಿದರೂ ನಾನು ಸರಿಯಾಗಿ ಮಾತಾಡಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಮಗಳು ಪಕ್ಕದಲ್ಲೇ ಇರುತ್ತಾಳೆ, ಅವಳೆದುರು ಹೇಳುವ ಮಾತಲ್ಲ. ಅದಕ್ಕೇ ಈ ಕಾಗದ.

ಎರಡು ತಿಂಗಳಿಂದ ಗಾನವಿ ಮುದ್ದೆಯನ್ನು ನೆಲ್ಲಿಕಾಯಿ ಗಾತ್ರಕ್ಕೆ ಮುರಿದು ನುಂಗುತ್ತಿದ್ದಳು. ಒಂಬತ್ತನೇ ಕ್ಲಾಸಿಗೆ ಬಂದಳಲ್ಲ, ವಯ್ಯಾರ ಕಲಿತಳು ಅಂತ ಆಡಿಕೊಂಡೆ. ಸಾರು ಉರಿ ಅಂದರೆ ಬೈದೆ. ಆಮೇಲೆ ಸ್ಕೂಲಿಗೆ ಕರೆಸಿದರು. ಅವಳ ಜಾಮಿಟ್ರಿ ಬಾಕ್ಸಿನಲ್ಲಿ ಗುಟ್ಕಾ ಪ್ಯಾಕೆಟ್ ಸಿಕ್ಕಿತ್ತು. ಯಾವನೋ ಹುಡುಗ ಇಟ್ಟಿರಬೇಕು ಅಂತ ಮೇಡಂ ಜೊತೆ ಜಗಳಕ್ಕೇ ನಿಂತೆ. ಗಾನವಿ ತಲೆ ತಗ್ಗಿಸಿ, ತನ್ನದೇ ಅಂದಳು.

ಕಡೂರಿನ ಹಲ್ಲಿನ ಡಾಕ್ಟರು ಬಾಯಿ ತೆಗೆಸಿ ನೋಡಿದರು. ತೆರೆದ ಬಾಯಲ್ಲಿ ಒಂದರ ಮೇಲೊಂದು ಮೂರು ಬೆರಳು ಹಿಡಿಸಬೇಕಂತೆ, ಇವಳಿಗೆ ಒಂದೂವರೆಯಷ್ಟೇ ತೆರೆಯುತ್ತದೆ. ಕೆನ್ನೆಯ ಒಳಗೆಲ್ಲ ಗಟ್ಟಿಯಾಗಿದೆ, ಇವತ್ತೇ ಬಿಟ್ಟರೂ ಬಾಯಿ ಮೊದಲಿನ ಹಾಗಾಗುವುದು ಕಷ್ಟ, ಮುಂದೆ ಕ್ಯಾನ್ಸರಿನ ಭಯವೂ ಇದೆ ಅಂದರು. ಹದಿನಾಲ್ಕು ವರ್ಷ ಕಣಕ್ಕಾ ಅವಳಿಗೆ. ಬಿಟ್ಟಳು ಅಂದುಕೊಂಡರೆ ಮೊನ್ನೆ ದಿಂಬಿನ ಕವರಿನೊಳಗೆ ಮತ್ತೆ ಸಿಕ್ಕಿತು. "ಬಿಡಕ್ಕಾಗಲ್ಲ ಕಣಮ್ಮ," ಅಂದಳು. ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು.

ನನ್ನ ಸಿಟ್ಟೆಲ್ಲ ಅತ್ತೆಯ ಮೇಲೆ ತಿರುಗಿತು. ಹಾಲಮ್ಮನವರ ಹೊಗೆಸೊಪ್ಪಿನ ಚೀಲ ನೀನೂ ನೋಡಿದ್ದೀಯಲ್ಲ. ಅದನ್ನು ಒಲೆಗೆ ಹಾಕಿ, ಮಗುವಿಗೆ ಚಟ ಹತ್ತಿಸಿದ್ದು ನೀವೇ ಅಂತ ನಮ್ಮನೆಯವರ ಎದುರೇ ಕೂಗಾಡಿದೆ. ಅತ್ತೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಹೂಂ ಕಣಪ್ಪ ಹಾಲೇಶ, ನಾನೇ ಕೊಟ್ಟಿದ್ದು," ಅಂದರು. ಮಾರನೆಯ ದಿನವೇ ಇವರು ಅವರನ್ನು ಹಿರೇನಲ್ಲೂರಿಗೆ, ನಾದಿನಿಯ ಮನೆಗೆ ಬಿಟ್ಟು ಬಂದರು.

ಭಾವನವರಿಗೆ ನಮಸ್ಕಾರ, ನಿಶ್ಚಿತಾಳಿಗೆ ಆಶೀರ್ವಾದ ತಿಳಿಸು. ಅವಳ ಬ್ಯಾಗನ್ನೂ ಒಮ್ಮೆ ನೋಡು. ಬೈಯಬೇಡ.

ನಿನ್ನ ತಂಗಿ,
ಸಂಗೀತಾ

ಮತ್ತೆ: ಇದನ್ನು ಬರೆಯದೆ ಕಾಗದ ಮಡಚಲು ಆಗುತ್ತಿಲ್ಲ. ಗಾನವಿ ಆರನೇ ಕ್ಲಾಸಿನಲ್ಲಿದ್ದಾಗ ದವಡೆ ಹಲ್ಲು ನೋವು ಅಂತ ಅತ್ತಿದ್ದಳು. ಕಡೂರಿಗೆ ಹೋದರೆ ಒಂದು ದಿನದ ಕೆಲಸ ಹಾಳು ಅಂತ, ಅತ್ತೆಯ ಚೀಲದಿಂದ ಚಿಟಿಕೆ ಹೊಗೆಸೊಪ್ಪು ತೆಗೆದು ಅವಳ ಹಲ್ಲಿಗೆ ಒತ್ತಿದ್ದು ನಾನು. ಅಮ್ಮ ನಮಗೂ ಹಾಗೇ ಮಾಡುತ್ತಿದ್ದಳಲ್ಲ. "ಮಗೀಗೆ ಬ್ಯಾಡ ಕಣೇ, ಅದು ಬಿಡಲ್ಲ," ಅಂದಿದ್ದರು ಅತ್ತೆ. ಎಂಟು ದಿನ ನಾನೇ ಇಟ್ಟೆ. ಅತ್ತೆ ಸುಳ್ಳು ಹೇಳಿ ತಪ್ಪು ಹೊತ್ತುಕೊಂಡಾಗ ಗಾನವಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಅವತ್ತಿನಿಂದ ಅವಳು ನನ್ನ ಕೈಯಿಂದ ಬಡಿಸಿಕೊಳ್ಳುವುದಿಲ್ಲ.