ತಟ್ಟೆಯ ಮೇಲಿನ ಹೆಸರು

ಕ್ಷಯದ ಆಸ್ಪತ್ರೆ,
ಮಾರ್ಚ್ 1956

ಕರುಣಕ್ಕಾ, ಕರ್ತನ ಹೆಸರಲ್ಲಿ ವಂದನೆ.

ಹೆಬ್ಬಾಳದಲ್ಲಿ ಕನ್ವೆನ್ಷನ್ ಪ್ರಾರ್ಥನಾ ಕೂಟಕ್ಕೆ ಚಪ್ಪರ ಹಾಕ್ತಿದ್ದಾರೆ ಅಂತ ಬರೆದಿದ್ದೀಯ. ಚಿಕ್ಕಂದಿನಲ್ಲಿ ಪಾದ್ರಿ ಅಯ್ಯನವರು ಕಣ್ಣುಮುಚ್ಚಿ ಉದ್ದದ ಪ್ರಾರ್ಥನೆ ಶುರುಮಾಡಿದ್ದೇ ತಡ, ನಾವಿಬ್ಬರೂ ಅಡುಗೆಯವರ ಹತ್ರ ಓಡ್ತಿದ್ದೆವಲ್ಲ! ಒಂದೇ ತಟ್ಟೇಲಿ ಬಿಸಿ ಮುದ್ದೆ, ಕುರಿ ಸಾರು. ಸುಟ್ಟ ನಾಲಿಗೇಲೇ ಬಂದು ಆಮೆನ್ ಅಂತಿದ್ದೆವು.

ಇಲ್ಲಿ ನನ್ನ ತಟ್ಟೆಯನ್ನ ಯಾರೂ ಮುಟ್ಟಲ್ಲ. ಡಾಕ್ಟರು ಮನೆಗೆ ಕಳಿಸೋ ಮಾತೆತ್ತಲ್ಲ, ನಾನೂ ಕೇಳೋದು ಬಿಟ್ಟಿದ್ದೀನಿ.

ನನ್ನ ಮಗಳು ಸಲೋಮಿಯನ್ನ ಈ ಸಲ ಕರಕೊಂಡು ಹೋಗು. ನಿನ್ನ ಮಕ್ಕಳ ಜೊತೆ ಒಂದೇ ತಟ್ಟೇಲಿ ಉಣ್ಣಲಿ, ಬೇರೆ ಕೂರಿಸಬೇಡ. ಅವಳ ಎದೇಲಿ ಈ ರೋಗ ಇಲ್ಲ, ಡಾಕ್ಟರೇ ಹೇಳಿದ್ದಾರೆ. ಪ್ರಾರ್ಥನೆ ನಡುವೆ ಎದ್ದು ಓಡಿದರೆ ಬೈಬೇಡ.

ಅಟ್ಟದಲ್ಲಿ ನನ್ನ ಹಿತ್ತಾಳೆ ತಟ್ಟೆ ಇದೆ. ಕಲಾಯಿ ಹಾಕಿಸು. ನನ್ನ ಹೆಸರು ಅಳಿಸಿ ಅವಳದ್ದು ಹಾಕಿಸು.

ಇಂತಿ,
ನಿನ್ನ ತಂಗಿ