ಗಂಟೆಗೊಂದು ಸಲ

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ 2:20

ಮತ್ತೆ ಟೆಸ್ಟ್ ಮೇಲ್. ಕಂಪ್ಯೂಟರಿನಿಂದ ಕಳಿಸಿ, ಕಂಪನಿ ಫೋನನ್ನು ಕಿಟಕಿ ಪಕ್ಕ ಇಟ್ಟು ಕೂತಿದ್ದೇನೆ. ಬಂದಿಲ್ಲ. ಆಫೀಸಿನ ಕಂಪ್ಯೂಟರು, ಫೋನು ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರ್ ಸರಿಯಿದೆ, ನೆಟ್‌ವರ್ಕ್ ಸರಿಯಿದೆ. ಹೊರಟಿದೆ, ತಲುಪಿಲ್ಲ — ನಡುವೆ ಎಲ್ಲಿರುತ್ತದೆ? ಬಿಸಿಲು ಮೇಜಿನ ಅಂಚಿಗೆ ಬಂತು. ಕಣ್ಣು ಎಳೆಯುತ್ತಿದೆ...

ಲಿಫ್ಟ್ ರಿಪೇರಿ ಮಾಡುವ ಮಾವನ ಕೆಲಸ ಇದರ ಮೇಲೆ ನಿಂತಿದೆ. ಆಫೀಸಿಗೆಲ್ಲ ಅವರು ಮಾವ. ಹೋದ ವಾರ ಬಸುರಿಯೊಬ್ಬಳು ಲಿಫ್ಟಿನಲ್ಲಿ ಒಂದು ಗಂಟೆ ಸಿಕ್ಕಿಕೊಂಡಿದ್ದಳು. ಸದ್ಯ, ಏನೂ ಆಗಲಿಲ್ಲ. ಮೇಲ್ ಕಳಿಸಿದರೂ ಮಾವ ಬೇಗ ಬರಲಿಲ್ಲವೆಂದು ಸಾಹೇಬರು ಕೆಂಡಾಮಂಡಲ. ಸೋಮವಾರ ಹನ್ನೊಂದಕ್ಕೆ ಕರೆಸಿ ಮನೆಗೆ ಕಳಿಸುತ್ತಾರಂತೆ.

"ಮೇಲ್ ಬಂದ ಕೂಡ್ಲೇ ಹೊರಟೆ ಕಣಮ್ಮ. ಬಂದಿದ್ದೇ ಲೇಟು," ಅಂದರು ಮಾವ. ಊಟವಾದ ಮೇಲೆ ಕೂತಲ್ಲೇ ಗೊರಕೆ ಹೊಡೆಯುವ ಆಸಾಮಿ, ಯಾರು ನಂಬುತ್ತಾರೆ! ನಾನು ನಂಬಿದ್ದೇನೆ.

3:00

ಅಯ್ಯೋ, ನಿದ್ದೆ ಹೋಗಿದ್ದೆ. ಕನಸಲ್ಲಿ ಮೇಲ್‌ಗಳೆಲ್ಲ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತಿದ್ದವು. ಒಳಗೆ ಬರಬಾರದಾ ಅಂದೆ. "ಯಾರೂ ಕೇಳ್ಲೇ ಇಲ್ವಲ್ಲ," ಅಂದವು, ಮೆತ್ತಗೆ. ಅಷ್ಟರಲ್ಲಿ ಫೋನು ಕುಂಯ್ ಅಂತು.

ಮಾರ್ಚ್ 5

2:05ಕ್ಕೆ ಕಳಿಸಿದ್ದು 3ಕ್ಕೆ ಬಂತು. 2:50ರದ್ದೂ 3ಕ್ಕೇ. ಯಾಕೆ?

ಮಾರ್ಚ್ 6

ನಾನೇ. ನನ್ನದೇ ತಪ್ಪು.

ಹೋದ ತಿಂಗಳು ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ ಅಂತ ಎಲ್ಲರ ಗೋಳು. ಎಲ್ಲರ ಫೋನಿನ ಸೆಟ್ಟಿಂಗ್ ಬದಲಿಸಿದ್ದೆ — ಹೊಸ ಮೇಲ್ ಇದೆಯಾ ಎಂದು ಫೋನು ಸರ್ವರನ್ನು ಗಂಟೆಗೊಂದು ಸಲ ಮಾತ್ರ ಕೇಳಬೇಕು. ಸಾಹೇಬರು ಶಭಾಷ್ ಅಂದಿದ್ದರು. ಆಮೇಲೆ ಮರೆತೇಬಿಟ್ಟೆ.

ಎಲ್ಲರ ಫೋನನ್ನೂ ಮೊದಲಿನ ಹಾಗೆ ಮಾಡಿದೆ. ಯಾರಿಗೂ ಹೇಳಲಿಲ್ಲ. ಹೆದರಿಕೆ. ಥೂ.

ಮಾರ್ಚ್ 7, ಶುಕ್ರವಾರ

ಸಾಹೇಬರು ಎಲ್ಲರ ಮುಂದೆ ಮಾವನಿಗೆ ಮೇಲ್ ಕಳಿಸಿದರು. ರೆಪ್ಪೆ ಬಡಿಯುವಷ್ಟರಲ್ಲಿ ತಲುಪಿತು.

"ಎಲ್ರೀ ಲೇಟು? ಮಾಡಿದ್ದೂ ಅಲ್ದೆ ಸುಳ್ಳು ಬೇರೆ!"

ಮಾವ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಮೆಲ್ಲಗೆ ನನ್ನ ಮೇಜಿಗೆ ವಾಪಸು ಬಂದೆ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 10:40

ಎರಡು ದಿನ ಅನ್ನ ಸೇರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿದಳು. ಜ್ವರ ಇಲ್ಲ.

ಮಾವ ಸಾಹೇಬರ ರೂಮಿನ ಹೊರಗೆ ಬೆಂಚಿನ ಮೇಲೆ. ಇಸ್ತ್ರಿ ಹಾಕಿದ ಅಂಗಿ. ಪಕ್ಕದಲ್ಲಿ ಕೂತೆ.

"ನಂಗೇ ಅರಳುಮರಳು ಅನ್ಸುತ್ತೆ ಕಣಮ್ಮ," ಅಂದರು. "ನಿದ್ದೇನೇ ಹೋಗಿದ್ನೇನೋ. ಆ ಹೆಣ್ಮಗು ಒಳಗೆ ಕೂಗ್ತಾ ಇತ್ತಂತೆ..."

"ಇಲ್ಲ ಮಾವ. ನೀವು ಎಚ್ಚರವಾಗೇ ಇದ್ರಿ," ಅಂದೆ. ಎಲ್ಲ ಹೇಳಿದೆ.

ಮಾವ ಬೈಯಲಿಲ್ಲ. "ಹಾಗಾದ್ರೆ ನಾನು ನಿದ್ದೆ ಮಾಡಿರ್ಲಿಲ್ಲ," ಅಂದರು, ಅಷ್ಟೇ. ಕಣ್ಣು ಒರೆಸಿಕೊಂಡರು.

10:56

ಸಾಹೇಬರು ಬಾಗಿಲು ತೆಗೆದು ಮಾವನನ್ನು ಕರೆದರು. ನಾನು ಎದ್ದೆ. "ಸರ್, ಮೊದಲು ನಾನು —"